ಟೈರು ಪ್ರಶ್ನೋತ್ತರ: ಒಣ ರಸ್ತೆಯ ಹಿಡಿತ ಬೇರೆ, ಒದ್ದೆ ರಸ್ತೆಯದು ಬೇರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈ ಪರ್ಫಾರ್ಮೆನ್ಸ್ ಸಮ್ಮರ್ ಟೈರುಗಳ ಬಗ್ಗೆಯೇ ಇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಇಲ್ಲಿ ಮಾತಾಡುತ್ತಿರುವುದು ಹಿಮ ಮತ್ತು ಕೊರೆಯುವ ಚಳಿ ಬಿಟ್ಟು ಉಳಿದೆಲ್ಲ ಹವೆಗೆ, ಮಳೆಗೂ ಸೇರಿ, ತಯಾರಾದ ವೇಗದ ಕಾರುಗಳ ಟೈರುಗಳ ಬಗ್ಗೆ.

ಪ್ರಶ್ನೆ: ಒಂದು ಪತ್ರಿಕೆಯ ಪರೀಕ್ಷೆಯಲ್ಲಿ ಒಣ ರಸ್ತೆಗೆ ಮೊದಲ ಸ್ಥಾನ ಪಡೆದ ಟೈರು ಇನ್ನೊಂದರಲ್ಲಿ ನಾಲ್ಕನೆಯದು. ಒದ್ದೆ ರಸ್ತೆಯ ಅಂಕ ನೋಡಿದರೆ ಪಟ್ಟಿಯೇ ತಲೆಕೆಳಗು. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಬಹುದು. ನಂಬಬಾರದ್ದು ಕೊನೆಯ ಕಾಲಂನಲ್ಲಿರುವ ಒಟ್ಟು ಅಂಕವನ್ನು. ಒಣ ಹಿಡಿತ, ತೆಳು ನೀರಿನ ಮೇಲಿನ ಹಿಡಿತ, ನಿಂತ ನೀರಿನಲ್ಲಿ ತೇಲದೆ ನೆಲ ಮುಟ್ಟುವುದು, ಇವು ಮೂರು ಬೇರೆ ಬೇರೆ ಕೆಲಸಗಳು. ಮೂರನ್ನೂ ಕೂಡಿ ಭಾಗಿಸಿ ಒಂದು ಸಂಖ್ಯೆ ಕೊಟ್ಟರೆ ನಿಮಗೆ ಬೇಕಾದದ್ದು ಅದರಲ್ಲಿ ಎಷ್ಟಿದೆ ಎನ್ನುವುದು ಗೊತ್ತಾಗುವುದಿಲ್ಲ.

ಒಣ ಡಾಂಬರನ್ನು ರಬ್ಬರು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ಜಲ್ಲಿಯ ಮೇಲ್ಮೈಗೆ ನೇರವಾಗಿ ಅಂಟಿಕೊಳ್ಳುವುದು. ಇನ್ನೊಂದು, ಜಲ್ಲಿಯ ಉಬ್ಬುಗಳ ಮೇಲೆ ಒತ್ತಿ, ತಗ್ಗಿ, ತಡವಾಗಿ ಮೊದಲಿನ ಆಕಾರಕ್ಕೆ ಮರಳುವುದು. ಆ ತಡದಲ್ಲಿ ಶಕ್ತಿ ಶಾಖವಾಗಿ ಹೋಗುತ್ತದೆ, ಅದೇ ಎಳೆತವಾಗಿ ಕಾರನ್ನು ನಿಲ್ಲಿಸುತ್ತದೆ. ನಡುವೆ ನೀರಿನ ಪದರ ಬಂದರೆ ಅಂಟಿಕೊಳ್ಳುವ ಪಾಲು ಬಹುಮಟ್ಟಿಗೆ ಹೋಗುತ್ತದೆ, ಭಾರವೆಲ್ಲ ಎರಡನೆಯದರ ಮೇಲೆ ಬೀಳುತ್ತದೆ. ಹಾಗಾಗಿ ಒಣ ರಸ್ತೆಯಲ್ಲಿ ಗೆಲ್ಲುವ ರಬ್ಬರಿನ ಮಿಶ್ರಣವೇ ಒದ್ದೆಯಲ್ಲೂ ಗೆಲ್ಲಬೇಕೆಂದಿಲ್ಲ.

ಈ ಎರಡನೆಯ ಪಾಲನ್ನು ಹೆಚ್ಚಿಸಿದ್ದು ಸಿಲಿಕಾ, ಮರಳಿನ ಜಾತಿಯ ನುಣ್ಣನೆಯ ಪುಡಿ. ಮೊದಲು ರಬ್ಬರಿಗೆ ಬಲ ಕೊಡಲು ಮುಖ್ಯವಾಗಿ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಪುಡಿ ಬೆರೆಸುತ್ತಿದ್ದರು. 1990ರ ದಶಕದ ಆರಂಭದಲ್ಲಿ ಮಿಷೆಲಿನ್ ಅದರ ಜಾಗಕ್ಕೆ ಸಿಲಿಕಾ ತಂದ ಟೈರನ್ನು ಮಾರುಕಟ್ಟೆಗೆ ಬಿಟ್ಟಿತು. ಈಗ ಎಲ್ಲ ಕಂಪನಿಗಳೂ ಅದೇ ದಾರಿಯಲ್ಲಿವೆ. ಪ್ರಯೋಗಾಲಯದಲ್ಲಿ ಟ್ಯಾನ್ ಡೆಲ್ಟಾ ಎಂಬ ಅಳತೆ ಇದೆ: ರಬ್ಬರು ತಾನು ತಗ್ಗುವಾಗ ಎಷ್ಟು ಶಕ್ತಿ ನುಂಗುತ್ತದೆ ಎನ್ನುವುದರ ಲೆಕ್ಕ. 0 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಹೆಚ್ಚಿದ್ದರೆ ಒದ್ದೆ ಹಿಡಿತ ಚೆನ್ನ, 60 ಡಿಗ್ರಿಯ ಹತ್ತಿರ ಕಡಿಮೆ ಇದ್ದರೆ ಇಂಧನ ಉಳಿತಾಯ. ಎರಡನ್ನೂ ಒಟ್ಟಿಗೆ ಸಾಧಿಸಲು ಸಿಲಿಕಾ ದಾರಿ ಮಾಡಿತು.

ಇನ್ನು ಟ್ರೆಡ್, ಅಂದರೆ ನೆಲ ಮುಟ್ಟುವ ರಬ್ಬರಿನ ಮೇಲಿನ ಬ್ಲಾಕು, ಕಾಲುವೆಗಳ ವಿನ್ಯಾಸ. ಒಣ ರಸ್ತೆಯ ತಿರುವಿಗೆ ದೊಡ್ಡ ದೊಡ್ಡ ಬ್ಲಾಕುಗಳು ಬೇಕು. ಸಣ್ಣ ಬ್ಲಾಕುಗಳು ಬಾಗಿ ಒದ್ದಾಡುತ್ತವೆ, ಸ್ಟೀರಿಂಗಿಗೆ ತಡವಾಗಿ ಉತ್ತರ ಬರುತ್ತದೆ. ನಿಂತ ನೀರಿಗೆ ಅಗಲವಾದ, ಆಳವಾದ ಕಾಲುವೆಗಳು ಬೇಕು. ಕಾಲುವೆ ಅಗಲ ಮಾಡಿದಷ್ಟೂ ನೆಲ ಮುಟ್ಟುವ ರಬ್ಬರು ಕಡಿಮೆ. ಇದನ್ನು ಸರಿದೂಗಿಸಲೆಂದೇ ಈ ವರ್ಗದ ಬಹಳಷ್ಟು ಟೈರುಗಳ ಹೊರಬದಿ ಗಟ್ಟಿಯಾಗಿಯೂ ಒಳಬದಿ ಕಾಲುವೆಗಳಿಂದ ತುಂಬಿಯೂ ಇರುತ್ತದೆ.

ಹಾಗಾದರೆ ಎರಡು ಪರೀಕ್ಷೆಗಳು ಜಗಳವಾಡುವುದೇಕೆ? ಒಂದು 225/45 ಆರ್ 17 (225 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅಗಲದ ಶೇ. 45, ರಿಮ್ 17 ಇಂಚು) ಅಳತೆಯಲ್ಲಿ ಮುಂಚಕ್ರ ಚಾಲನೆಯ ಕಾರಿನ ಮೇಲೆ ನಡೆದಿರುತ್ತದೆ, ಇನ್ನೊಂದು 245/35 ಆರ್ 19ರಲ್ಲಿ ಹಿಂಚಕ್ರ ಚಾಲನೆಯದರ ಮೇಲೆ. ಒಂದು 15 ಡಿಗ್ರಿಯಲ್ಲಿ, ಇನ್ನೊಂದು 30ರಲ್ಲಿ. ಒಂದರ ನೀರು 1 ಮಿ.ಮೀ., ಇನ್ನೊಂದರದು ಅದರ ಎರಡರಷ್ಟು. ಒಂದೇ ಹೆಸರಿನ ಟೈರೂ ಒಂದೇ ಆಗಿರುವುದಿಲ್ಲ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ನಕ್ಷತ್ರದ ಗುರುತಿದ್ದರೆ ಅದು ಬಿಎಂಡಬ್ಲ್ಯುಗೆ, ಎಂಒ ಇದ್ದರೆ ಮರ್ಸಿಡಿಸ್‌ಗೆ, ಎಒ ಇದ್ದರೆ ಆಡಿಗೆ, ಎನ್0, ಎನ್1 ಹೀಗೆ ಇದ್ದರೆ ಪೋರ್ಷೆಗೆ ಹೊಂದಿಸಿದ್ದು. ಮಿಶ್ರಣವೋ ಒಳರಚನೆಯೋ ಬೇರೆಯಾಗಿರಬಹುದು. ಪರೀಕ್ಷೆಯಲ್ಲಿ ಓಡಿದ್ದು ಗುರುತಿಲ್ಲದ ಟೈರು, ನಿಮಗೆ ಸಿಗುವುದು ಗುರುತಿರುವುದಾದರೆ ಆ ಫಲಿತಾಂಶ ನಿಮ್ಮದಲ್ಲ. ಓದುವಾಗ ಮೊದಲು ಅಳತೆ, ಆಮೇಲೆ ಉಷ್ಣತೆ, ಆಮೇಲೆ ಮೀಟರುಗಳು. ಸ್ಥಾನ ಕೊನೆಗೆ.

ಪ್ರಶ್ನೆ: ಬ್ರೇಕಿಂಗಿನಲ್ಲಿ ಮೊದಲನೆಯ ಟೈರಿಗೂ ಕೊನೆಯದಕ್ಕೂ ಇರುವ ವ್ಯತ್ಯಾಸ ಬರೀ 4 ಮೀಟರ್. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕೆ?

ಉತ್ತರ: ಕೆಡಿಸಿಕೊಳ್ಳಬೇಕು. 100 ಕಿ.ಮೀ. ವೇಗದಿಂದ ಒಂದು ಕಾರು 40 ಮೀಟರಿನಲ್ಲಿ ನಿಂತಿತು, ಇನ್ನೊಂದಕ್ಕೆ 44 ಮೀಟರ್ ಬೇಕು ಅನ್ನಿ. ಮೊದಲನೆಯದು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 30 ಕಿ.ಮೀ. ವೇಗದಲ್ಲಿರುತ್ತದೆ. ಉಳಿದ ದೂರವನ್ನು ಒಟ್ಟು ದೂರದಿಂದ ಭಾಗಿಸಿ, ಅದರ ವರ್ಗಮೂಲವನ್ನು ಆರಂಭದ ವೇಗಕ್ಕೆ ಗುಣಿಸಿ: 4 ಭಾಗ 44, ವರ್ಗಮೂಲ 0.30. ಒದ್ದೆಯಲ್ಲಿ 80ರಿಂದ ಒಂದು 30 ಮೀಟರಿಗೆ, ಇನ್ನೊಂದು 34ಕ್ಕೆ ನಿಂತರೆ ಉಳಿದ ವೇಗ 27. ಬ್ರೇಕಿನ ಕೊನೆಯ ಮೀಟರುಗಳಲ್ಲೇ ವೇಗ ಸರ್ರನೆ ಇಳಿಯುವುದರಿಂದ, ದೂರ ಸಣ್ಣದಾಗಿ ಕಂಡರೂ ಗುದ್ದು ಸಣ್ಣದಾಗಿರುವುದಿಲ್ಲ.

ಆದರೆ ಅರ್ಧ ಮೀಟರಿನ ವ್ಯತ್ಯಾಸಕ್ಕೆ ಎರಡನೆಯ ಸ್ಥಾನ, ಮೂರನೆಯ ಸ್ಥಾನ ಎಂದು ಹಂಚುವುದು ಪತ್ರಿಕೆಯವರ ಹವ್ಯಾಸ. ಅದನ್ನು ಸಮ ಎಂದೇ ಓದಿಕೊಳ್ಳಿ.

ಪ್ರಶ್ನೆ: ಯುರೋಪಿನ ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ "ಎ" ಇದೆ, ಅಮೆರಿಕದ ಪದ್ಧತಿಯಲ್ಲಿ "ಎಎ" ಇದೆ. ಇನ್ನೇನು ಬೇಕು?

ಉತ್ತರ: ಲೇಬಲ್ ಬೇಡದ್ದನ್ನು ಬಿಡಲು ಚೆನ್ನಾಗಿ ನೆರವಾಗುತ್ತದೆ, ಆರಿಸಲು ಅಲ್ಲ. ಯುರೋಪಿನ ಈಗಿನ ಲೇಬಲ್ 2021ರ ಮೇ 1ರಿಂದ ಜಾರಿಯಲ್ಲಿದೆ, ದರ್ಜೆ ಎ ಇಂದ ಇ ವರೆಗೆ. ಕಾರಿನ ಟೈರಿಗೆ ಒಂದು ಗೊತ್ತುಪಡಿಸಿದ ಮಾದರಿ ಟೈರಿನೊಡನೆ ಹೋಲಿಸಿ ಸೂಚ್ಯಂಕ ಕೊಡುತ್ತಾರೆ. 1.55 ಮತ್ತು ಮೇಲೆ ಇದ್ದರೆ ಎ, 1.40ರಿಂದ 1.54 ಬಿ, 1.25ರಿಂದ 1.39 ಸಿ. ಮೇಲಕ್ಕೆ ಮಿತಿಯೇ ಇಲ್ಲದ್ದರಿಂದ 1.56 ಬಂದದ್ದೂ ಎ, ಅದಕ್ಕಿಂತ ಬಹಳ ಮುಂದಿರುವುದೂ ಎ. ಇದು ನೇರ ಬ್ರೇಕಿಂಗ್, ಹೊಸ ಟೈರು, ಮಿಲಿಮೀಟರಿನ ಆಸುಪಾಸಿನ ತೆಳು ನೀರು. ತಿರುವಿಲ್ಲ, ನಿಂತ ನೀರಿಲ್ಲ, ಸವೆದ ಟೈರಿಲ್ಲ.

ಅಮೆರಿಕದ ಟ್ರಾಕ್ಷನ್ ದರ್ಜೆ ಇನ್ನೂ ಕಿರಿದು. ಒದ್ದೆ ಡಾಂಬರು ಮತ್ತು ಒದ್ದೆ ಕಾಂಕ್ರೀಟಿನ ಮೇಲೆ ಲಾಕ್ ಆದ ಚಕ್ರ ನೇರವಾಗಿ ಜಾರುವಾಗಿನ ಎಳೆತ ಅದು. ಎಬಿಎಸ್ ಇರುವ ಕಾರಿನಲ್ಲಿ ಚಕ್ರ ಲಾಕ್ ಆಗುವುದೇ ಅಪರೂಪ. ಅದೇ ಸಾಲಿನಲ್ಲಿರುವ ಟ್ರೆಡ್‌ವೇರ್ (ಸವೆತ ಎಷ್ಟು ತಾಳುತ್ತದೆ ಎನ್ನುವ) ಸಂಖ್ಯೆಯನ್ನು ಮಾತ್ರ ನೋಡಿ, ಅದೂ ಅಂದಾಜಿಗೆ. ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಅದೇ ಕಂಪನಿಯ ಪೈಲಟ್ ಸ್ಪೋರ್ಟ್ ಕಪ್ 2ಕ್ಕೆ 180 ಎಂದಿದ್ದರೆ ಎರಡನೆಯದು ಬೇಗ ಸವೆಯುವ, ಟ್ರ್ಯಾಕಿನ ಕಡೆ ವಾಲಿದ ಟೈರು ಎಂದು ಅರ್ಥ ಮಾಡಿಕೊಳ್ಳಬಹುದು. ಈ ಸಂಖ್ಯೆಯನ್ನು ಕಂಪನಿಗಳೇ ನಮೂದಿಸುವುದರಿಂದ ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಲು ಹೋಗಬೇಡಿ.

ಪ್ರಶ್ನೆ: ನೀರಿನ ಮೇಲೆ ಕಾರು ತೇಲುವುದು ಯಾವ ವೇಗದಲ್ಲಿ? ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರಲ್ಲ, ನಿಜವೆ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಇಳಿಸಬೇಡಿ. ಕೆಸರಿಗೆ, ಮರಳಿಗೆ ಸರಿಹೋಗುವ ಉಪಾಯವನ್ನು ಡಾಂಬರಿನ ನೀರಿಗೆ ತಂದರೆ ನೇರ ವಿರುದ್ಧ ಫಲ. ಗಾಳಿ ಕಡಿಮೆಯಾದರೆ ಟ್ರೆಡ್ಡಿನ ನಡುಭಾಗ ಒಳಕ್ಕೆ ಬಾಗುತ್ತದೆ, ಕಾಲುವೆಗಳು ಮುಚ್ಚಿಕೊಳ್ಳುತ್ತವೆ, ನೆಲವನ್ನು ಒತ್ತುವ ಬಲ ಚದುರುತ್ತದೆ. ನೀರು ಒಳನುಗ್ಗಲು ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ.

ವೇಗದ ಲೆಕ್ಕಕ್ಕೆ ಅಮೆರಿಕದ ನಾಸಾ 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಕಂಡುಕೊಂಡ ಸೂತ್ರವೊಂದಿದೆ. ಗಾಳಿಯ ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ ತೆಗೆದುಕೊಂಡು ವರ್ಗಮೂಲ ಹಾಕಿ 6.36ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಬರುತ್ತದೆ. 2.3 ಬಾರ್, ಅಂದರೆ 230 ಕಿಲೋಪಾಸ್ಕಲ್ ಅಥವಾ ಸುಮಾರು 33 ಪಿಎಸ್‌ಐ ಇದ್ದರೆ 96 ಕಿ.ಮೀ. ಗಾಳಿ 1.8 ಬಾರ್‌ಗೆ ಇಳಿದರೆ 85. ಅರ್ಧ ಬಾರ್ ಗಾಳಿಗೆ 11 ಕಿ.ಮೀ. ಹೋಯಿತು. ಇದು ಟ್ರೆಡ್ ಬೋಳಾದಾಗ ಅಥವಾ ನೀರು ಕಾಲುವೆಗಿಂತ ಆಳವಾಗಿದ್ದಾಗಿನ ಸ್ಥೂಲ ಅಂದಾಜು. ಆಳವಾದ ಟ್ರೆಡ್ಡಿದ್ದು ನೀರು ತೆಳುವಾಗಿದ್ದರೆ ಇನ್ನೂ ಮೇಲಕ್ಕೆ ತಡೆಯುತ್ತದೆ. ಕಾರಿನ ಅಗಲ ಟೈರು ಸೂತ್ರ ಹೇಳುವುದಕ್ಕಿಂತ ಮೊದಲೇ ತೇಲುವುದೂ ಉಂಟು. ಆದ್ದರಿಂದ ಬಂದ ಸಂಖ್ಯೆಯನ್ನು ಸುರಕ್ಷಿತ ವೇಗ ಎಂದು ತಿಳಿಯುವಂತಿಲ್ಲ. ಕಲಿಯಬೇಕಾದದ್ದು ಗಾಳಿ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು.

ಟೈರಿನ ಕೆಲಸ ಎಷ್ಟಿದೆ ನೋಡಿ. 225 ಮಿ.ಮೀ. ಅಗಲದ ಟೈರು 3 ಮಿ.ಮೀ. ನೀರಿನಲ್ಲಿ 80 ಕಿ.ಮೀ. ವೇಗದಲ್ಲಿ ಓಡುವಾಗ ಸೆಕೆಂಡಿಗೆ 15 ಲೀಟರ್ ನೀರು ಅದರ ದಾರಿಗೆ ಅಡ್ಡ ಬರುತ್ತದೆ. ಒಂದೊಂದು ಬ್ಲಾಕೂ ನೆಲ ಮುಟ್ಟಿರುವುದು ಸುಮಾರು 15 ಸೆಂ.ಮೀ. ಉದ್ದಕ್ಕೆ, ಅಂದರೆ 7 ಮಿಲಿಸೆಕೆಂಡು. ಅಷ್ಟರೊಳಗೆ ನೀರು ಪಕ್ಕಕ್ಕೋ ಕಾಲುವೆಗೋ ಹೋಗಬೇಕು, ಉಳಿದ ತೆಳು ಪದರವನ್ನು ಬ್ಲಾಕಿನ ಅಂಚು ಒರೆಸಬೇಕು, ಆಮೇಲೆ ರಬ್ಬರು ಜಲ್ಲಿಯನ್ನು ಹಿಡಿಯಬೇಕು. ವೇಗ 100 ಆದರೆ ನೀರು 19 ಲೀಟರ್, ಸಮಯ ಐದೂವರೆ ಮಿಲಿಸೆಕೆಂಡು.

ತೇಲುವ ಮುನ್ನ ಸೂಚನೆಗಳಿವೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಚಕ್ರದ ಗೂಡಿನಲ್ಲಿ ನೀರು ಬಡಿಯುವ ಸದ್ದು ಜೋರಾಗುತ್ತದೆ. ಮುಂಚಕ್ರ ಚಾಲನೆಯಲ್ಲಿ ಆಕ್ಸಿಲರೇಟರ್ ಹೆಚ್ಚಿಸದಿದ್ದರೂ ಎಂಜಿನ್ ಆರ್‌ಪಿಎಂ ಏರುತ್ತದೆ. ಆಗ ಕಾಲು ನಿಧಾನ ತೆಗೆಯಿರಿ, ಸ್ಟೀರಿಂಗ್ ನೇರ ಇಡಿ, ಬ್ರೇಕ್ ತುಳಿಯಬೇಡಿ. ತಿರುಗಿಸಿ ಹಿಡಿದಿದ್ದ ಚಕ್ರಕ್ಕೆ ಹಿಡಿತ ಧುತ್ತನೆ ಮರಳಿದರೆ ಕಾರು ಚಕ್ರ ತೋರಿದ ಕಡೆಗೆ ನೆಗೆಯುತ್ತದೆ. ಕ್ರೂಸ್ ಕಂಟ್ರೋಲನ್ನು ಮಳೆಯಲ್ಲಿ ಹಾಕಲೇಬೇಡಿ.

ಟ್ರ್ಯಾಕಿಗೆ ಹೋಗುವವರಿಗೆ ಒಂದು ಮಾತು: ಮಳೆಯಲ್ಲಿ ಟೈರು ಕಾಯುವುದು ಕಡಿಮೆ, ಗಾಳಿ ಏರುವುದೂ ಕಡಿಮೆ. ಬಿಸಿಯಾದಾಗ 2.3 ಬಾರ್ ಬೇಕೆಂದಿದ್ದು ಒಣದಿನ ತಣ್ಣಗೆ 1.9 ಹಾಕುತ್ತಿದ್ದರೆ, ಮಳೆಯ ದಿನ 2.1 ಅಥವಾ 2.2ರಿಂದ ಆರಂಭಿಸಬೇಕಾಗುತ್ತದೆ. ಅಲ್ಲೂ ಗಾಳಿ ಏರಿಸುವುದೇ ಹೊರತು ಇಳಿಸುವುದಲ್ಲ.

ಪ್ರಶ್ನೆ: ಎರಡು ಸೆಟ್ ಟೈರುಗಳನ್ನು ನಾವೇ ಹೋಲಿಸಿ ನೋಡಬೇಕೆಂದಿದ್ದೇವೆ. ಮುಚ್ಚಿದ ಟ್ರ್ಯಾಕ್ ಸಿಕ್ಕಿದೆ, ನೀರಿನ ಟ್ಯಾಂಕರಿದೆ, ವೇಗ, ದೂರ ದಾಖಲಿಸುವ ಜಿಪಿಎಸ್ ಲಾಗರ್ ಇದೆ. ಹೇಗೆ ಮಾಡುವುದು?

ಉತ್ತರ: ಉಪಕರಣ ಸಾಕು. ಕೆಡುವುದು ಸಾಮಾನ್ಯವಾಗಿ ಕ್ರಮದಲ್ಲಿ.

ಟೈರುಗಳನ್ನು ಮೊದಲು ಪಳಗಿಸಿ. ಅಚ್ಚಿನಿಂದ ಬಂದ ಹೊಸ ಟೈರಿನ ಮೇಲೆ ಜಾರುವ ಲೇಪದ ಉಳಿಕೆ ಇರುತ್ತದೆ, ಟ್ರೆಡ್ಡಿನ ಒಳಗಿನ ಬೆಲ್ಟುಗಳೂ ಕೂರಬೇಕು. ಕನಿಷ್ಠ 200, ಸಾಧ್ಯವಾದರೆ 300 ಕಿ.ಮೀ. ಸಾಧಾರಣವಾಗಿ ಓಡಿಸಿ. ಎರಡೂ ಸೆಟ್ಟುಗಳಿಗೆ ಒಂದೇ ಅಗಲದ ರಿಮ್ ಇರಲಿ. ಅರ್ಧ ಇಂಚು ಅಗಲ ಹೆಚ್ಚಾದರೂ ಸೈಡ್‌ವಾಲ್ ಬಿಗಿದು ಸ್ಟೀರಿಂಗ್ ಚುರುಕಾಗುತ್ತದೆ, ಆ ಹೆಸರು ಟೈರಿಗೆ ಹೋಗುತ್ತದೆ. ಟ್ರೆಡ್ ಆಳವನ್ನು ಪ್ರತಿ ಟೈರಿನಲ್ಲೂ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆದು ಬರೆದಿಡಿ. ತಯಾರಿಯ ವಾರ ನೋಡಿ: ಟೈರಿನ ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ 2324 ಆಗಿದ್ದರೆ 2024ರ 23ನೇ ವಾರ. ಒಂದು ಸೆಟ್ಟು ನಾಲ್ಕು ವರ್ಷ ಹಳೆಯದಾಗಿದ್ದರೆ ಪರೀಕ್ಷೆ ಟೈರಿನದಲ್ಲ, ವಯಸ್ಸಿನದು.

ಗಾಳಿಯನ್ನು ನೆರಳಿನಲ್ಲಿ, ತಣ್ಣಗಿರುವಾಗ, ಒಂದೇ ಗೇಜಿನಿಂದ ಹಾಕಿ. 10 ಡಿಗ್ರಿ ಏರಿದರೆ ಒತ್ತಡ ಸುಮಾರು 0.1 ಬಾರ್ ಏರುತ್ತದೆ, ಆದ್ದರಿಂದ ಬಿಸಿಲಿನಲ್ಲಿಟ್ಟ ಸೆಟ್ಟಿಗೂ ಗೋದಾಮಿನಿಂದ ತಂದದ್ದಕ್ಕೂ ಒಂದೇ ಸಂಖ್ಯೆ ಹಾಕಿದರೆ ಒಂದೇ ಗಾಳಿ ಹಾಕಿದಂತೆ ಆಗುವುದಿಲ್ಲ. ಇಂಧನ ಪ್ರತಿ ಸೆಟ್ಟಿಗೂ ಅದೇ ಮಟ್ಟಕ್ಕೆ ತನ್ನಿ. ಕಾರಿನಲ್ಲಿ ಅದೇ ಜನ.

ಒಣ ಬ್ರೇಕಿಂಗ್: 105 ಕಿ.ಮೀ.ಗೆ ಏರಿಸಿ, ನ್ಯೂಟ್ರಲ್ ಅಥವಾ ಕ್ಲಚ್, ಪೆಡಲನ್ನು ಒಂದೇ ಏಟಿಗೆ ಎಬಿಎಸ್ ಪೂರ್ತಿ ಕೆಲಸ ಮಾಡುವಷ್ಟು ತುಳಿಯಿರಿ. ಲಾಗರಿನಲ್ಲಿ 100ರಿಂದ 5 ಕಿ.ಮೀ.ವರೆಗಿನ ದೂರ ತೆಗೆಯಿರಿ. ಕೊನೆಯ 5ರಲ್ಲಿ ಎಬಿಎಸ್ ಬಿಟ್ಟುಕೊಡುವುದರಿಂದ ಅಂಕಿ ಚದುರುತ್ತದೆ. ಒದ್ದೆಯಲ್ಲಿ 85ಕ್ಕೆ ಏರಿಸಿ 80ರಿಂದ 5. ಮೊದಲ ನಿಲುಗಡೆ ಎಸೆಯಿರಿ, ನಂತರ ಕನಿಷ್ಠ 6. ನಡುನಡುವೆ ಬ್ರೇಕ್ ಆರಲು ಒಂದು ನಿಧಾನದ ಸುತ್ತು ಬೇಕೇ ಬೇಕು. ಡಿಸ್ಕ್ ಕಾದರೆ ಪೆಡಲ್ ಮೆತ್ತಗಾಗಿ ಎಬಿಎಸ್ ತಲುಪುವುದು ತಡವಾಗುತ್ತದೆ, ಆ ತಡ ಎರಡನೆಯ ಸೆಟ್ಟಿನ ತಲೆಗೆ ಕಟ್ಟಲ್ಪಡುತ್ತದೆ. ಆರಂಭದ ವೇಗ ಬೇರೆಯಾಗಿದ್ದರೆ ಸರಿಪಡಿಸಿ: 101.5ರಿಂದ 41.2 ಮೀಟರ್ ಬಂದಿದ್ದರೆ, 100ನ್ನು 101.5ರಿಂದ ಭಾಗಿಸಿ ವರ್ಗ ಮಾಡಿ ಗುಣಿಸಿದರೆ 40.0 ಮೀಟರ್. ಒಂದೂವರೆ ಕಿಲೋಮೀಟರ್ ವೇಗ ಒಂದು ಮೀಟರಿಗಿಂತ ಹೆಚ್ಚು ದೂರವನ್ನು ಅಡಗಿಸಿತ್ತು.

ಎಲ್ಲಕ್ಕಿಂತ ಮುಖ್ಯ ಕೊನೆಯಲ್ಲಿ ಮೊದಲ ಸೆಟ್ಟನ್ನು ಮತ್ತೆ ಹಾಕಿ ಓಡಿಸುವುದು. ಉದಾಹರಣೆಗೆ ಮೊದಲ ಸೆಟ್ಟು ಬೆಳಗ್ಗೆ ಸರಾಸರಿ 40.2 ಮೀಟರ್ ಕೊಟ್ಟಿತು, ಎರಡನೆಯದು 41.0. ಇಲ್ಲಿಗೆ ನಿಲ್ಲಿಸಿದರೆ ಮೊದಲನೆಯದು 0.8 ಮೀಟರಿನಿಂದ ಗೆದ್ದಿತು ಎಂದು ಬರೆದುಬಿಡುತ್ತೀರಿ. ಮೊದಲನೆಯದನ್ನು ಮತ್ತೆ ಹಾಕಿದಾಗ 41.4 ಬಂತು ಅನ್ನಿ. ಅಂದರೆ ದಿನ ಏರಿದಂತೆ ರಸ್ತೆಯೇ ಬದಲಾಗಿದೆ. ಮೊದಲನೆಯದರ ಎರಡು ಸರಾಸರಿಗಳ ನಡುಬಿಂದು 40.8. ಎರಡನೆಯದರ ಜೊತೆ ವ್ಯತ್ಯಾಸ ಬರೀ 0.2 ಮೀಟರ್, ಅದು ಅಳತೆಯ ಚದುರಿಕೆಯೊಳಗೇ ಇದೆ. ಗೆದ್ದವರಿಲ್ಲ. ಒದ್ದೆ ಪರೀಕ್ಷೆಯಲ್ಲಿ ಈ ಕ್ರಮ ಇನ್ನೂ ಅಗತ್ಯ, ಏಕೆಂದರೆ ಟ್ಯಾಂಕರ್ ಬಿಟ್ಟ ನೀರು ನಿಮಿಷ ನಿಮಿಷಕ್ಕೆ ಇಂಗುತ್ತದೆ, ಆರುತ್ತದೆ. ಪ್ರತಿ ನಿಲುಗಡೆಗೂ ನೀರು ಬಿಟ್ಟು ಅಷ್ಟೇ ಹೊತ್ತಾದ ಮೇಲೆ ಬ್ರೇಕ್ ಹಾಕಿ. ಒಣಗಿದ ರಸ್ತೆಗೆ ಮೊದಲ ಸಲ ನೀರು ಬಿಟ್ಟಾಗ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಮೇಲೆದ್ದು ಜಾರುತ್ತದೆ. ಹತ್ತಾರು ಸುತ್ತು ತೊಳೆದ ಮೇಲೆ ಅಳೆಯಲು ಶುರು ಮಾಡಿ.

ತಿರುವಿನ ಹಿಡಿತಕ್ಕೆ ಗೊತ್ತಾದ ತ್ರಿಜ್ಯದ ವೃತ್ತದಲ್ಲಿ ಸುತ್ತಿನ ಸಮಯ ಸಾಕು. ಎರಡೂ ದಿಕ್ಕಿಗೆ ಓಡಿಸಿ. ನಿಂತ ನೀರಿನ ಪರೀಕ್ಷೆಯನ್ನು ನಿಮ್ಮ ಮಟ್ಟದಲ್ಲಿ ಮಾಡಲು ಹೋಗಬೇಡಿ. ಅದಕ್ಕೆ ಅಂಚುಕಟ್ಟಿ 7 ಮಿ.ಮೀ. ಆಸುಪಾಸು ನೀರು ನಿಲ್ಲಿಸಿದ ಸಮತಟ್ಟಾದ ಪಟ್ಟಿ ಬೇಕು, ಒಂದು ಬದಿಯ ಚಕ್ರ ಮಾತ್ರ ನೀರಿಗಿಳಿದು ಇನ್ನೊಂದಕ್ಕಿಂತ ಶೇ. 15ರಷ್ಟು ಹೆಚ್ಚು ತಿರುಗುವ ವೇಗವನ್ನು ಹಿಡಿಯಬೇಕು. ಟ್ಯಾಂಕರಿನಿಂದ ಅದು ಆಗದ ಮಾತು.

ಚಾಲಕನಿಗೆ ಯಾವ ಟೈರು ಹಾಕಿದೆ ಎಂದು ಹೇಳಬೇಡಿ. ಸೈಡ್‌ವಾಲ್ ಹೆಸರಿನ ಮೇಲೆ ಟೇಪ್ ಅಂಟಿಸಿದರೆ ಅನೇಕ ಅಭಿಪ್ರಾಯಗಳು ತಾವಾಗಿಯೇ ಬದಲಾಗುತ್ತವೆ.

ಪ್ರಶ್ನೆ: ಸೆಮಿ ಸ್ಲಿಕ್ (ಕಾಲುವೆ ಕಡಿಮೆ ಇರುವ, ಟ್ರ್ಯಾಕಿನ ಕಡೆ ವಾಲಿದ) ಟೈರು ಹಾಕಿಸಿ ದಿನನಿತ್ಯ ಓಡಿಸಬಹುದೆ? ಒಣ ರಸ್ತೆಯಲ್ಲಿ ಯಾವುದೂ ಅದನ್ನು ಮೀರಿಸುವುದಿಲ್ಲ ಎನ್ನುತ್ತಾರೆ.

ಉತ್ತರ: ಕಾದ ಮೇಲೆ, ಒಣ ಟ್ರ್ಯಾಕಿನಲ್ಲಿ, ನಿಜ. ಆ ಮಿಶ್ರಣ ಕೆಲಸ ಮಾಡುವ ಉಷ್ಣತೆಯೇ ಮೇಲಿದೆ. ಮನೆಯಿಂದ ಹೊರಟ ಹತ್ತು ನಿಮಿಷದಲ್ಲಿ ಅದು ಅಲ್ಲಿಗೆ ತಲುಪುವುದಿಲ್ಲ. ತಣ್ಣಗಿರುವಾಗ ಒಳ್ಳೆಯ ರಸ್ತೆ ಟೈರಿಗಿಂತ ಹಿಂದೆ ಬೀಳಬಹುದು. ತೆಳು ನೀರಿನಲ್ಲಿ ಟೈರು ಬೆಚ್ಚಗಿದ್ದರೆ ಅಷ್ಟೇನೂ ಕೆಡುಕಲ್ಲ, ಅದೇ ಮೋಸ ಮಾಡುವುದು: ಚೆನ್ನಾಗಿ ಹಿಡಿಯುತ್ತಿದೆ ಎಂದುಕೊಂಡು ಅದೇ ವೇಗದಲ್ಲಿ ನಿಂತ ನೀರಿಗೆ ಹೋಗುತ್ತೀರಿ. ಕಾಲುವೆ ಕಡಿಮೆ, ಹೊಸದರಲ್ಲೇ ಆಳವೂ ಕಡಿಮೆ. ಕೈಬಿಡುವಾಗ ಸೂಚನೆ ಕೊಡುವುದೂ ಕಡಿಮೆ. ಟ್ರ್ಯಾಕಿಗೆ ಬೇರೆ ರಿಮ್ಮಿನಲ್ಲಿ ಇಟ್ಟುಕೊಳ್ಳಿ. ಒಂದೇ ಸೆಟ್ಟು ಎಂದಾದರೆ ರಸ್ತೆಗೆಂದು ಮಾಡಿದ ಮ್ಯಾಕ್ಸ್ ಪರ್ಫಾರ್ಮೆನ್ಸ್ ವರ್ಗದಲ್ಲೇ ಆರಿಸಿ.

ಪ್ರಶ್ನೆ: 225/45 ಆರ್ 17 91 ಬದಲು 18 ಇಂಚಿನ ರಿಮ್ಮಿಗೆ 245 ಅಗಲದ್ದು ಹಾಕಿಸಿದರೆ ಎರಡೂ ರಸ್ತೆಯಲ್ಲಿ ಲಾಭವೆ?

ಉತ್ತರ: ಒಣ ರಸ್ತೆಯಲ್ಲಿ ಸ್ವಲ್ಪ ಲಾಭ, ನಿಂತ ನೀರಿನಲ್ಲಿ ನಷ್ಟ. ಅಗಲ ಹೆಚ್ಚಿದಷ್ಟು ಬದಿಗೆ ತಳ್ಳಬೇಕಾದ ನೀರು ಹೆಚ್ಚು. ಭಾರವೂ ಗಾಳಿಯೂ ಅವೇ ಇದ್ದರೆ ನೆಲ ಮುಟ್ಟುವ ವಿಸ್ತೀರ್ಣ ಬಹಳ ಬದಲಾಗುವುದಿಲ್ಲ, ಆಕಾರ ಬದಲಾಗುತ್ತದೆ: ಉದ್ದ ಕಡಿಮೆಯಾಗಿ ಅಡ್ಡ ಹೆಚ್ಚುತ್ತದೆ. ತಿರುವಿಗೆ ಅದು ಒಳ್ಳೆಯದು. ನೀರು ಸೀಳಲು ಉದ್ದವಾಗಿದ್ದರೆ ಒಳ್ಳೆಯದು.

ಅಳತೆ ಹೀಗೆ ನೋಡಿ. ನಿಮ್ಮ ಈಗಿನ ಟೈರಿನ ವ್ಯಾಸ 634 ಮಿ.ಮೀ. 245/40 ಆರ್ 18 ಹಾಕಿದರೆ 653, ಶೇ. 3 ದೊಡ್ಡದು, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುವತ್ತ ಸರಿಯುತ್ತದೆ, ಚಕ್ರದ ಗೂಡಿಗೆ ಉಜ್ಜಬಹುದು. 245/35 ಆರ್ 18 ಆದರೆ 629. 225/40 ಆರ್ 18 ಆದರೆ 637. ನಮ್ಮ ಮತ ಕೊನೆಯದಕ್ಕೆ: ಅಗಲ ಹೆಚ್ಚಿಸದೆ ಸೈಡ್‌ವಾಲ್ ಮಾತ್ರ ಕುಗ್ಗಿಸಿದರೆ ಒಣ ರಸ್ತೆಯಲ್ಲಿ ಸ್ಟೀರಿಂಗ್ ಚುರುಕಾಗುತ್ತದೆ, ಮಳೆಯಲ್ಲಿ ಬೆಲೆ ತೆರಬೇಕಿಲ್ಲ. ಭಾರದ ಸೂಚ್ಯಂಕ 91ಕ್ಕಿಂತ, ಅಂದರೆ ಟೈರಿಗೆ 615 ಕೆ.ಜಿ.ಗಿಂತ, ಕೆಳಗಿಳಿಯಬಾರದು. ಎಕ್ಸ್‌ಎಲ್ (ಹೆಚ್ಚು ಭಾರಕ್ಕೆ ಬಲಪಡಿಸಿದ) ಟೈರಾದರೆ ಅದೇ ಭಾರ ಹೊರಲು ಸ್ವಲ್ಪ ಹೆಚ್ಚು ಗಾಳಿ ಬೇಕು ಎನ್ನುವುದು ನೆನಪಿರಲಿ.

ಪ್ರಶ್ನೆ: ಟ್ರೆಡ್ 3 ಮಿ.ಮೀ. ಉಳಿದಿದೆ. ಒಣ ರಸ್ತೆಯಲ್ಲಿ ಹೊಸದಿದ್ದಾಗಿನದಕ್ಕಿಂತ ಚೆನ್ನಾಗಿ ಹಿಡಿಯುತ್ತಿದೆ. ಕಾನೂನಿನ 1.6ರವರೆಗೆ ಓಡಿಸಬಹುದಲ್ಲ?

ಉತ್ತರ: ನಿಮ್ಮ ಅನುಭವ ಸುಳ್ಳಲ್ಲ. ಹೊಸ ಟೈರಿನ 7, 8 ಮಿ.ಮೀ. ಎತ್ತರದ ಬ್ಲಾಕು ಬಾಗುತ್ತದೆ, ಬೇಗ ಕಾಯುತ್ತದೆ. ಸವೆದು ಗಿಡ್ಡವಾದ ಬ್ಲಾಕು ಗಟ್ಟಿಯಾಗಿ ನಿಲ್ಲುತ್ತದೆ. ಟ್ರ್ಯಾಕ್ ಓಟಕ್ಕೆ ಹೊಸ ಟೈರಿನ ಟ್ರೆಡ್ಡನ್ನೇ ಯಂತ್ರದಲ್ಲಿ ಹೆರೆಸುವವರಿದ್ದಾರೆ.

ಆದರೆ ನೀರು ಹೋಗಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗಿದೆ. ಒಣ ರಸ್ತೆಯಲ್ಲಿ ಟೈರು ದಿನೇ ದಿನೇ ಚೆನ್ನಾಗುತ್ತಿದೆ ಎಂಬ ಭಾವನೆ ಬರುವ ಹೊತ್ತಿಗೇ ಮಳೆಯಲ್ಲಿ ಅದು ಇಳಿಯುತ್ತಿರುತ್ತದೆ, ಮೊದಲ ದೊಡ್ಡ ಮಳೆ ಬರುವವರೆಗೆ ಗೊತ್ತಾಗುವುದಿಲ್ಲ. 3 ಮಿ.ಮೀ. ಬಂದಾಗ ಬದಲಿಸುವ ಲೆಕ್ಕ ಹಾಕಿ. ಅಳೆಯುವಾಗ ಕಣ್ಣಿಗೆ ಕಾಣುವ ಹೊರ ಅಂಚಷ್ಟೇ ನೋಡಬೇಡಿ. ಈ ಕಾರುಗಳಲ್ಲಿ ಚಕ್ರದ ತಲೆ ಒಳಕ್ಕೆ ವಾಲಿಸಿರುತ್ತಾರೆ, ಜೊತೆಗೆ ಟೋ, ಅಂದರೆ ಚಕ್ರಗಳು ಮುಂದಕ್ಕೆ ನೋಡುವ ಕೋನ, ಸರಿಯಿಲ್ಲದಿದ್ದರೆ ಒಳ ಅಂಚು ಮೊದಲು ಸವೆಯುತ್ತದೆ, ಅದೂ ನೀರಿನ ಕಾಲುವೆಗಳಿರುವ ಬದಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನವನ್ನು, ಜ್ಯಾಕ್ ಏರಿಸಿ ಹಿಂದಿನವನ್ನು ಒಳಗಿನಿಂದ ಅಳೆಯಿರಿ. ಒಳಗೆ 2, ಹೊರಗೆ 4 ಬಂದರೆ ಟೈರು 2 ಮಿ.ಮೀ. ಎಂದೇ ಲೆಕ್ಕ, ಮತ್ತು ಹೊಸ ಟೈರಿಗೆ ಮೊದಲು ಅಲೈನ್‌ಮೆಂಟ್.

ಪ್ರಶ್ನೆ: ಎರಡೇ ಹೊಸ ಟೈರು ಕೊಂಡರೆ ಮುಂದೆಯೋ ಹಿಂದೆಯೋ?

ಉತ್ತರ: ಹಿಂದೆ, ಕಾರು ಮುಂಚಕ್ರ ಚಾಲನೆಯದಾದರೂ. ಮುಂದಿನ ಚಕ್ರ ತೇಲಿದರೆ ಕಾರು ನೇರ ಹೋಗುತ್ತದೆ, ಸ್ಟೀರಿಂಗಿನಲ್ಲಿ ತಿಳಿಯುತ್ತದೆ, ಕಾಲು ತೆಗೆಯಲು ಅವಕಾಶ ಸಿಗುತ್ತದೆ. ಹಿಂದಿನದು ತೇಲಿದರೆ ಕಾರು ತಿರುಗಿ ನಿಲ್ಲುತ್ತದೆ. ನಾಲ್ಕು ಚಕ್ರ ಚಾಲನೆಯದಾದರೆ ನಾಲ್ಕನ್ನೂ ಬದಲಿಸುವುದು ಮೇಲು. ಸುತ್ತಳತೆಯ ವ್ಯತ್ಯಾಸ ಡಿಫರೆನ್ಶಿಯಲ್‌ಗೂ ಕ್ಲಚ್‌ಗೂ ಒಳ್ಳೆಯದಲ್ಲ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎನ್ನುವುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ.

ಪ್ರಶ್ನೆ: ಹೊಸ ಟೈರು ಹಾಕಿಸಿದ ಮೇಲೆ ಒಣ ರಸ್ತೆಯ ತಿರುವಿನಲ್ಲಿ ಒಂದು ಬದಿಗೆ ಕಾರು ಸಡಿಲ ಅನ್ನಿಸುತ್ತದೆ, ಅದೇ ಬದಿ ನೀರಿನಲ್ಲಿ ಎಳೆಯುತ್ತದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸರಿ ಇದೆ.

ಉತ್ತರ: ಸೈಡ್‌ವಾಲ್ ಓದಿ. ನಾಲ್ಕೂ ಚಕ್ರದಲ್ಲಿ ಹೊರಗೆ ಔಟ್‌ಸೈಡ್ ಎಂಬ ಅಕ್ಷರ ಕಾಣಬೇಕು. ಒಂದು ಟೈರನ್ನು ತಿರುಗಿಸಿ ಕೂರಿಸಿದ್ದರೆ ಗಟ್ಟಿ ಬ್ಲಾಕುಗಳು ಒಳಗೆ, ಕಾಲುವೆಗಳು ಹೊರಗೆ ಆಗಿರುತ್ತವೆ. ನೀವು ಹೇಳಿದ ಎರಡು ಲಕ್ಷಣಗಳೂ ಹೊಂದುತ್ತವೆ. ಬಾಣದ ಗುರುತಿರುವ ಟೈರಾದರೆ ಬಾಣ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ರಿಮ್ಮಿನಿಂದ ಬಿಚ್ಚಿ ಮಗುಚಿ ಹಾಕಿಸಿ, ಆಮೇಲೆ ಬ್ಯಾಲೆನ್ಸಿಂಗ್ ಮತ್ತೊಮ್ಮೆ.

ಪ್ರಶ್ನೆ: ಚಳಿಯ ಬೆಳಗ್ಗೆ ಅದೇ ಟೈರು ಒಣ ರಸ್ತೆಯಲ್ಲೂ ಜಾರಿದಂತಾಗುತ್ತದೆ, ಏಕೆ?

ಉತ್ತರ: ಸುಮಾರು 7 ಡಿಗ್ರಿಗಿಂತ ಕೆಳಗೆ ಈ ಮಿಶ್ರಣ ಗಡಸಾಗುತ್ತ ಹೋಗುತ್ತದೆ, ಜಲ್ಲಿಯ ಉಬ್ಬುಗಳಿಗೆ ತಗ್ಗುವುದಿಲ್ಲ. ಒದ್ದೆಯೂ ಸೇರಿದರೆ ಇನ್ನೂ ಕೆಟ್ಟದು, ಏಕೆಂದರೆ ಆಗ ಉಳಿದಿದ್ದದ್ದೇ ಆ ಒಂದು ಹಿಡಿತ. ಮೊದಲ ಹದಿನೈದು ನಿಮಿಷ ನಿಧಾನ ಹೋಗಿ. ಟೈರನ್ನು ಅಡ್ಡಾದಿಡ್ಡಿ ತಿರುಗಿಸಿ ಕಾಯಿಸುವ ಪ್ರಯತ್ನ ಮಾಡಬೇಡಿ, ಮೇಲ್ಮೈ ಮಾತ್ರ ಬೆಚ್ಚಗಾಗಿ ಕ್ಷಣದಲ್ಲಿ ಆರುತ್ತದೆ. ಗಾಳಿಯನ್ನೂ ಆ ಋತುವಿನಲ್ಲಿ ಮತ್ತೆ ನೋಡಿ: ಹಿಂದೆ 30 ಡಿಗ್ರಿಯಲ್ಲಿ ಹಾಕಿಸಿದ 2.3 ಬಾರ್ 5 ಡಿಗ್ರಿಯ ಬೆಳಗ್ಗೆ 2.05ರ ಹತ್ತಿರ ಇರುತ್ತದೆ. ಹಿಮಗಟ್ಟುವ ಚಳಿಯಲ್ಲಿ ಟೈರನ್ನು ಬಗ್ಗಿಸುವುದು, ರಿಮ್ಮಿಗೆ ಏರಿಸುವುದು ಬೇಡ. ಟ್ರೆಡ್ ಬಿರುಕು ಬಿಡಬಹುದು. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಿಸಿ.